ತಿಪ್ಪೆಯಲ್ಲಿ ಹೂತಿಟ್ಟ ಅಂಜೂರ

ಅಂಜೂರದ ಹಣ್ಣನ್ನು ತಿರುಗಿಸಿ ಹಿಡಿದರೆ ತಳದಲ್ಲಿ ಒಂದು ಸಣ್ಣ ತೂತು ಕಾಣುತ್ತದೆ. ಅದಕ್ಕೆ ನಮ್ಮೂರ ಕಡೆ ಒಂದು ಹೆಸರಿತ್ತು. ಎರಡಕ್ಷರವೋ ಮೂರಕ್ಷರವೋ. ಬಾಯಿಗೆ ಬಂದಂತಾಗುತ್ತದೆ, ಬರುವುದಿಲ್ಲ. ಊರು ಬಿಟ್ಟು ಐವತ್ತು ವರ್ಷವಾಯಿತು. ಇಲ್ಲಿಯ ಅಂಗಡಿಗಳಲ್ಲಿ ಸಿಗುವುದು ಒಣಗಿಸಿ ಚಪ್ಪಟೆ ಮಾಡಿದ ಹಣ್ಣು. ಅದರ ತೂತನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಸದ್ಯಕ್ಕೆ ಅದನ್ನು ಕಣ್ಣು ಎನ್ನೋಣ. ಕಥೆಗೆ ಅಷ್ಟು ಸಾಕು.

ಬಿಸಿಲು ನಾಡಿನ ಒಂದು ಊರಿನಲ್ಲಿ ಹಂಪಮ್ಮ ಎಂಬ ಹೆಂಗಸಿದ್ದಳು. ಮನೆಯಲ್ಲಿ ಮಗ, ಸೊಸೆ ನೀಲಮ್ಮ, ಎರಡು ಎಮ್ಮೆ. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ಹಳೆಯ ಅಂಜೂರದ ಗಿಡ. ಅದರ ಹಣ್ಣು ಸಣ್ಣದು, ಕಂದು ಬಣ್ಣದ್ದು, ಸಿಪ್ಪೆ ದಪ್ಪ. ವರ್ಷಕ್ಕೆ ಎರಡು ಸಲ ತಪ್ಪದೆ ಬಿಡುತ್ತಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ. ಬಸುರಿಗೆ ಏಳನೆಯ ತಿಂಗಳಲ್ಲಿ ಹೊಸ ಕುಬುಸ ತೊಡಿಸಿ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆಗೆ ಐದು ಅಂಜೂರ ಇಡಬೇಕು. ಪೇಟೆಯಿಂದ ತಂದದ್ದು ನಡೆಯುವುದಿಲ್ಲ. ಮನೆಯ ಹಿತ್ತಲಿನದೇ ಆಗಬೇಕು.

ನೀಲಮ್ಮ ಎರಡು ಸಲ ಬಸುರಾದಳು. ಎರಡು ಸಲವೂ ಐದನೆಯ ತಿಂಗಳಲ್ಲೇ ಕಳೆದುಕೊಂಡಳು. ಕುಬುಸದ ತನಕ ಹೋಗಲೇ ಇಲ್ಲ.

ಹಂಪಮ್ಮನಿಗೆ ಸೊಸೆಯ ಮೇಲೆ ಸಿಟ್ಟು ಬರಲಿಲ್ಲ, ಅವಳು ಅಂಥವಳಲ್ಲ. ಆದರೆ ಭಯ ಬಂತು. ಭಯ ಬಂದವರ ಕಣ್ಣು ಸುಮ್ಮನಿರುವುದಿಲ್ಲ, ಕಾರಣ ಹುಡುಕುತ್ತದೆ. ಅವಳ ಕಣ್ಣು ಹಿತ್ತಲ ಗಿಡದ ಮೇಲೆ ಬಿತ್ತು. ಇಷ್ಟು ಸಣ್ಣ ಹಣ್ಣನ್ನು ಉಡಿಗಿಡುತ್ತೇವೆಂದು ಹೊರಟರೆ ದೇವರಾದರೂ ಏನು ಕೊಟ್ಟಾನು ಎಂದುಕೊಂಡಳು. ಮದುವೆಯೊಂದರಲ್ಲಿ ಅವಳು ದೊಡ್ಡ ಅಂಜೂರ ತಿಂದಿದ್ದಳು. ಜೇನಿನ ಬಣ್ಣ, ಬಾಯಲ್ಲಿ ಬೀಜ ಕಟಕಟ ಎನ್ನುತ್ತಿತ್ತು. ಅದೇ ಗಿಡ ತರಬೇಕೆಂದು ಸಸಿ ಬೆಳೆಸುವ ಖಾಸಿಂಸಾಬನ ತೋಟಕ್ಕೆ ಹೋದಳು.

ಖಾಸಿಂಸಾಬ ವಯಸ್ಸಾದವನು. ಊರಿನ ಅರ್ಧ ಹಿತ್ತಲುಗಳ ಗಿಡ ಅವನ ಕೈಯವೇ. ಅವಳು ಕೇಳಿದ್ದಕ್ಕೆ ಮೂರು ಸಸಿ ತೋರಿಸಿದ.

"ಇದು ನಿಮ್ಮ ಮನಿಯಾಗ ಇರೋ ಜಾತಿ. ಹಣ್ಣು ಸಣ್ಣದು, ಆದ್ರ ಯಾರ ಹಂಗೂ ಇಲ್ಲ, ಬಚ್ಚಲ ನೀರು ಕುಡಿದು ಬದುಕತೈತಿ. ಇದು ಪುಣೆ ಕಡೇದು. ಹಣ್ಣು ದೊಡ್ಡದು, ಮಳಿ ಬಿದ್ರ ಒಡೀತೈತಿ, ಹಕ್ಕಿ ಕಾಯಬೇಕು. ಆದ್ರೂ ಚಲೋದು."

"ಆ ಮೂರನೇದು?"

"ಅದು ಬ್ಯಾಡ ತಾಯಿ. ಹಜ್ಜಿಗೆ ಹೋದವರೊಬ್ಬರು ಪರದೇಶದಿಂದ ಟೊಂಗಿ ತಂದು ಕೊಟ್ರು. ಪ್ರೀತಿಲೆ ಕೊಟ್ಟಿದ್ದು ಅಂತ ಅಂಗಳದಾಗ ಬೆಳೆಸೀನಿ, ಇದು ಅದರ ಸಸಿ."

"ಅದರ ಹಣ್ಣು ಹೆಂಗ?"

"ಒಣಗಿಸಿ ಮಾರ್ತಾರಲ್ಲ, ಜೇನಿನ ಬಣ್ಣದ್ದು, ಅಂಥಾದ್ದು."

"ಮತ್ತ ಅದನ್ನೇ ಕೊಡು ಕಾಕಾ."

ಖಾಸಿಂಸಾಬ ತಲೆಯಾಡಿಸಿದ. "ಇದು ಒಂಟಿ ನಿಂತ್ರ ಹಣ್ಣು ಹಿಡಿಯಂಗಿಲ್ಲ. ಇದರ ಜೋಡಿ ಒಂದು ಕಾಡು ಅಂಜೂರ ಬೇಕು. ಅದರ ಹೊಟ್ಟ್ಯಾಗಿಂದ ಒಂದು ಸಣ್ಣ ಹುಳ ಬರಬೇಕು. ಆ ಹುಳ ಕಾಯಿಯ ಕಣ್ಣಾಗ ಹೊಕ್ಕರೇ ಕಾಯಿ ನಿಲ್ಲೋದು. ನಮ್ಮ ಕಡೆ ಆ ಗಿಡಾನೂ ಇಲ್ಲ, ಹುಳಾನೂ ಇಲ್ಲ."

ಹಂಪಮ್ಮ ನಕ್ಕಳು. "ಹುಳ ಹೊಕ್ಕ ಹಣ್ಣು ಯಾರಿಗೆ ಬೇಕು? ಹುಳ ಇಲ್ದಿದ್ದೇ ಚಲೋ ಆತಲ್ಲ."

"ತಾಯಿ, ನಾ ಹೇಳೋದು..."

"ನೀ ಹೇಳೋದು ಗೊತ್ತಾತು ಬಿಡು. ಚಲೋದನ್ನ ನಿನ್ನ ಅಂಗಳಕ್ಕ ಇಟ್ಕೊಂಡು ಊರಿಗೆಲ್ಲ ಸಣ್ಣದು ಹಂಚ್ತಿ."

ಖಾಸಿಂಸಾಬ ಸಸಿಯ ಬೇರಿಗೆ ಒದ್ದೆ ಗೋಣಿ ಸುತ್ತಿ ಅವಳ ಕೈಗೆ ಕೊಟ್ಟ.

ಹಂಪಮ್ಮ ಅದನ್ನು ಹಿತ್ತಲ ನಡುವೆ ನೆಟ್ಟಳು. ಹಳೆಯ ಗಿಡವನ್ನು ಬುಡಕ್ಕೆ ಕಡಿಸಿದಳು. ಕಡಿದ ಬುಡದಿಂದ ಹಾಲು ಸೋರಿದ್ದನ್ನು ನೀಲಮ್ಮ ಬಾಗಿಲಲ್ಲಿ ನಿಂತು ನೋಡಿದಳು.

ಮೂರು ವರ್ಷ ಕಳೆಯಿತು. ಪರದೇಶದ ಗಿಡ ಅಗಲ ಎಲೆ ಬಿಟ್ಟು ಎತ್ತರವಾಯಿತು. ನೀಲಮ್ಮ ಮತ್ತೆ ಬಸುರಾದಳು. ಅವಳಿಗೆ ನಾಲ್ಕು ತಿಂಗಳಾದಾಗ ಗಿಡ ಮೊದಲ ಸಲ ಕಾಯಿ ಹಿಡಿಯಿತು. ಹಂಪಮ್ಮ ಎಣಿಸಿದಳು. ನಲವತ್ತೊಂದು. ಅವಳು ಗಿಡಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು.

ಐದನೆಯ ತಿಂಗಳು ಹಿಡಿಯಿತು. ಕಾಯಿ ಅಡಿಕೆಯಷ್ಟು ದಪ್ಪವಾಗಿದ್ದವು. ಒಂದು ಬೆಳಿಗ್ಗೆ ಕಸ ಹೊಡೆಯುವಾಗ ಪೊರಕೆಗೆ ಏನೋ ಉರುಳಿ ಬಂತು. ನೋಡಿದರೆ ಹೀಚು ಅಂಜೂರ. ತೊಟ್ಟು ಹಳದಿಯಾಗಿ ತಾನಾಗಿ ಕಳಚಿತ್ತು. ಹಂಪಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸುತ್ತ ನೋಡಿದಳು. ಸೊಸೆ ಕಾಣಲಿಲ್ಲ. ಎಮ್ಮೆಯ ಕೊಟ್ಟಿಗೆಯಲ್ಲಿ ಹೊಟ್ಟಿನ ಕೆಳಗೆ ಬಚ್ಚಿಟ್ಟಳು.

ಮರುದಿನ ಎರಡು ಬಿದ್ದಿದ್ದವು. ಆಮೇಲೆ ಕೆಲವು ದಿನ ಬಿಟ್ಟು ಮತ್ತೆ ಮೂರು.

ಅವಳು ದಿನಾ ಗಿಡದ ಮೇಲಿನ ಕಾಯಿ ಎಣಿಸತೊಡಗಿದಳು. ಆಗ ಇನ್ನೊಂದು ಭಯ ಹುಟ್ಟಿತು. ಒಂದು ದಿನ ಗಿಡದಲ್ಲಿ ಐದು ಕಡಿಮೆಯಾಗಿದ್ದವು, ನೆಲದ ಮೇಲೆ ಸಿಕ್ಕಿದ್ದು ಮೂರೇ. ಉಳಿದೆರಡು ಎಲ್ಲಿ? ಹಕ್ಕಿ ಹೀಚನ್ನು ಮುಟ್ಟುವುದಿಲ್ಲ. ಇಲಿ ತಿಂದರೆ ಚೂರು ಬಿದ್ದಿರಬೇಕು. ತನ್ನ ಹಿತ್ತಲಿಗೆ ಯಾವುದೋ ಬಂದು ಹೋಗುತ್ತಿದೆ, ಬಂದದ್ದು ಬರಿಗೈಯಲ್ಲಿ ಹೋಗುತ್ತಿಲ್ಲ ಎನ್ನಿಸಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಮನೆಯ ನಡೆ ಬದಲಾಯಿತು. "ನೀಲಾ, ಹಿತ್ತಲಿಗೆ ಹೋಗಬ್ಯಾಡ" ಎಂದಳು. "ನೀರು ಸೇದಬ್ಯಾಡ." "ಬದನಿಕಾಯಿ ಬ್ಯಾಡ." "ಮೊಸರು ಬ್ಯಾಡ." "ಹೊಸಲಿನ ಮ್ಯಾಲ ನಿಲ್ಲಬ್ಯಾಡ." ನೀಲಮ್ಮ ಎಲ್ಲಕ್ಕೂ ಹೂಂ ಎನ್ನುತ್ತಿದ್ದಳು. ಅವಳ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯತೊಡಗಿತು. ಆಮೇಲೆ ಒಂದು. ಕೊರಳ ಎಲುಬು ಎದ್ದು ಕಂಡವು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. "ಆರಕ್ಕ ಬಿದ್ದೈತಿ, ಇನ್ನೂ ಐದರಂಗ ಐತಿ. ಈ ಹುಡುಗಿ ಉಣ್ಣಾಕತ್ತಿಲ್ಲೇನು?" ಎಂದು ಕೇಳಿದಳು.

ಆ ದಿನ ಗಿಡದಲ್ಲಿ ಉಳಿದದ್ದು ಏಳು ಕಾಯಿ.

ಮಧ್ಯಾಹ್ನ ಮಗ ಹೊಲದಲ್ಲಿದ್ದ, ಸೊಸೆ ಮಲಗಿದ್ದಾಳೆ ಎಂದುಕೊಂಡಳು ಹಂಪಮ್ಮ. ಕೊಟ್ಟಿಗೆಯ ಹೊಟ್ಟು ಮುಗಿಯುತ್ತಾ ಬಂದಿತ್ತು, ಬಚ್ಚಿಟ್ಟ ಕಾಯಿ ಹೊರಗೆ ಕಾಣುತ್ತಿದ್ದವು. ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ತಿಪ್ಪೆಗೆ ನಡೆದಳು. ತಿಪ್ಪೆಯ ಹಿಂದೆ ಯಾರೋ ನೆಲ ಕೆದರುವ ಸದ್ದು. ಹಿತ್ತಲಿಗೆ ಬಂದು ಕಾಯಿ ಒಯ್ಯುತ್ತಿದ್ದದ್ದು ಇದೇ ಎಂದುಕೊಂಡಳು. ಆದರೂ ಇಣುಕಿ ನೋಡಿದಳು.

ನೀಲಮ್ಮ ಕುಕ್ಕರಗಾಲಲ್ಲಿ ಕೂತು ಗೊಬ್ಬರ ಕೆದರುತ್ತಿದ್ದಳು. ಗುಣಿಯಲ್ಲಿ ಹೀಚು ಅಂಜೂರ. ಕೆಲವು ಒಣಗಿದ್ದವು, ಎರಡು ಹಸಿ.

ಅವಳು ತಲೆಯೆತ್ತಿದಳು. ಹಂಪಮ್ಮನ ಕೈ ಸಡಿಲಾಗಿ ಸೆರಗಿನ ಕಾಯಿಗಳೆಲ್ಲ ಉದುರಿ ಸೊಸೆಯ ಕಾಲ ಬಳಿ ಬಂದು ನಿಂತವು.

"ನೀವು ಏಳೂದಕ್ಕಿಂತ ಮುಂಚೆ ಬಂದು ಆರಿಸ್ಕೊಂತಿದ್ದೆ ಅತ್ತೆಮ್ಮ" ಎಂದಳು ನೀಲಮ್ಮ. "ನೀವು ನೋಡಿದ್ರ ಹೆದರ್ತೀರಿ ಅಂತ. ಕತ್ತಲಿಗೆ ಕೆಲವು ಕಾಣ್ತಿರಲಿಲ್ಲ."

"ನಾನು ನೀ ಹೆದರ್ತಿ ಅಂತ..." ಹಂಪಮ್ಮ ಅಲ್ಲೇ ಕೂತುಬಿಟ್ಟಳು. "ಅದಕ್ಕೇನು ನೀ ಊಟ ಬಿಟ್ಟಿದ್ದು?"

"ಗಂಟಲಾಗ ಇಳಿಯಂಗಿಲ್ಲ. ಗಿಡ ಹಿಡಿದದ್ದನ್ನ ಬಿಡಾಕತ್ತೈತಿ. ನಾ ತಿಂದು ಏನು ಮಾಡ್ಲಿ ಅನಿಸ್ತೈತಿ."

ಹಂಪಮ್ಮ ಎದ್ದಳು. ಅಷ್ಟು ಭಯದಲ್ಲೂ ಅವಳಿಗೆ ಒಂದು ಹೆಸರು ನೆನಪಾಯಿತು. ಒಂದು ಕಾಯಿ ಕೈಯಲ್ಲಿ ಹಿಡಿದು, ಸೊಸೆಯನ್ನೂ ಕರೆದುಕೊಂಡು ನೇರ ಖಾಸಿಂಸಾಬನ ತೋಟಕ್ಕೆ ಹೋದಳು. ಮೂರು ವರ್ಷದಿಂದ ಆ ದಾರಿ ತುಳಿದಿರಲಿಲ್ಲ.

ಖಾಸಿಂಸಾಬ ಮೊದಲು ನೀಲಮ್ಮನಿಗೆ ನೆರಳಲ್ಲಿ ಚಾಪೆ ಹಾಸಿದ. ಆಮೇಲೆ ಕಾಯಿಯನ್ನು ಎರಡು ಹೋಳು ಮಾಡಿ ತೋರಿಸಿದ. ಒಳಗೆ ಹತ್ತಿಯಂತೆ ಬೆಳ್ಳಗೆ, ನಡುವೆ ಖಾಲಿ. ಕೊಳೆತಿರಲಿಲ್ಲ.

"ರೋಗ ಇಲ್ಲ, ದೃಷ್ಟಿ ಇಲ್ಲ, ಯಾರ ಸಿಟ್ಟೂ ಇಲ್ಲ. ಹುಳ ಬರಲಿಲ್ಲ, ಕಾಯಿ ನಿಲ್ಲಲಿಲ್ಲ. ಆ ಏಳೂ ಬೀಳ್ತಾವು. ಬರೋ ವರ್ಷದವೂ ಬೀಳ್ತಾವು. ಅಲ್ಲಿ ನಿಂತೈತಲ್ಲ ನನ್ನ ಗಿಡ, ನಿನ್ನ ಗಿಡದ ತಾಯಿ, ಹದಿನೈದು ವರ್ಷದಿಂದ ಒಂದು ಹಣ್ಣು ಕೊಟ್ಟಿಲ್ಲ. ನಾ ಅವತ್ತು ಹೇಳಿದ್ದು ನೆನಪೈತೇನು ತಾಯಿ?"

"ಐತಿ."

"ನೆನಪಿದ್ದೂ ಹೆದರಿದ್ಯಾ?"

ಹಂಪಮ್ಮ ಸೊಸೆಯ ಕಡೆ ನೋಡಿದಳು. "ನಂದೇ ತಪ್ಪು ಅಂತ ಅನ್ಕೊಳ್ಳೋದಕ್ಕಿಂತ ಕೇಡು ಕಾದೈತಿ ಅಂತ ಅನ್ಕೊಳ್ಳೋದು ಹಗುರ ಅನಿಸ್ತು ಕಾಕಾ. ಅದರ ಭಾರ ಈ ಹುಡುಗಿ ಮ್ಯಾಲ ಬಿತ್ತು."

ಚಾಪೆಯ ಮೇಲಿದ್ದ ನೀಲಮ್ಮ ಕಾಯಿಯ ಹೋಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಅಜ್ಜಾ, ನಿಮ್ಮ ಮನಿಯಾಗ ರೊಟ್ಟಿ ಐತೇನು?"

ಉಳಿದ ಏಳು ಕಾಯಿಯೂ ಉದುರಿದವು. ಈ ಸಲ ಯಾರೂ ಬಚ್ಚಿಡಲಿಲ್ಲ. ಕಸದ ಜೊತೆ ಗುಡಿಸಿ ಹಾಕಿದರು.

ಏಳನೆಯ ತಿಂಗಳು ಬಂತು. ಉಡಿಗೆ ಹಿತ್ತಲ ಹಣ್ಣು ಎಲ್ಲಿಂದ ತರುವುದು ಎಂದು ಹಂಪಮ್ಮ ಚಿಂತೆ ಮಾಡುತ್ತಿದ್ದಾಗ ನೀಲಮ್ಮ ಅವಳನ್ನು ಬಚ್ಚಲ ಹಿಂದಕ್ಕೆ ಕರೆದೊಯ್ದಳು. ಕಡಿದ ಬುಡದಿಂದ ಎರಡು ಚಿಗುರು ಎದ್ದು ಎದೆಯುದ್ದ ಬೆಳೆದಿದ್ದವು. ಯಾರೂ ನೋಡದಿದ್ದರೂ ಬಚ್ಚಲ ನೀರು ಹರಿಯುವುದನ್ನು ನಿಲ್ಲಿಸಿರಲಿಲ್ಲ. ಎಲೆಯ ಮರೆಯಲ್ಲಿ ಸಣ್ಣ ಕಂದು ಹಣ್ಣು, ಎಣಿಸಿದರೆ ಆರು. ಐದು ಉಡಿಗಾಯಿತು. ಒಂದನ್ನು ಖಾಸಿಂಸಾಬನಿಗೆ ಕಳಿಸಿದರು.

ಮಗು ಉಳಿಯಿತೇ ಎಂದು ಕೇಳುತ್ತೀರಿ. ಉಳಿಯಿತು. ಹೆರಿಗೆಯಾಗುವ ತನಕ ಹಂಪಮ್ಮ ಹೆದರುತ್ತಲೇ ಇದ್ದಳು, ಆದರೆ ಹೆದರಿದ್ದನ್ನು ಬಾಯಿಬಿಟ್ಟು ಹೇಳುತ್ತಿದ್ದಳು, ಹೇಳುತ್ತಲೇ ಸೊಸೆಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಮಗು ಉಳಿದದ್ದು ಸಣ್ಣ ಅಂಜೂರದ ಮಹಿಮೆ ಎಂದು ಮಾತ್ರ ಯಾರೂ ಹೇಳಬೇಡಿ. ಹಾಗೆ ಹೇಳಿದರೆ ಹಂಪಮ್ಮನ ತಪ್ಪನ್ನು ಮತ್ತೆ ಮೊದಲಿನಿಂದ ಮಾಡಿದಂತೆ.

ನೀತಿ: ಗಿಡವನ್ನು ನಿನ್ನ ನೆಲ ನೋಡಿ ಆರಿಸು, ಬಲ್ಲವರು ಹೇಳಿದ್ದನ್ನು ಕೊನೆಯ ತನಕ ಕೇಳು. ಕೇಳದೆ ಆರಿಸಿದ್ದರ ಫಲವನ್ನು ಅಪಶಕುನ ಎಂದು ಕರೆದು ಮನೆಯವರನ್ನು ಹೆದರಿಸಬೇಡ. ಗಿಡ ಮಾಡದ ಕೇಡನ್ನು ಆ ಹೆದರಿಕೆ ಮಾಡುತ್ತದೆ.

ಇಷ್ಟನ್ನೂ ಬರೆದುಕೋ ಶಿವಲೀಲಾ, ನನ್ನ ಕೈ ನಡುಗುತ್ತದೆ. ಹಣ್ಣಿನ ಕಣ್ಣಿನ ಹೆಸರು ಬರುವ ಕಡೆ ಒಂದಿಷ್ಟು ಜಾಗ ಬಿಡು, ನೆನಪಾದರೆ ಹೇಳುತ್ತೇನೆ.