ಹಾಲವ್ವನ ನಿದ್ದೆ ಕಾದ ಕೊಟ್ರ

ಹೂಂಗುಟ್ಟುವವರು ಹತ್ತಿರ ಬನ್ನಿ. ನಿದ್ದೆ ಬಂದವರು ಹೋಗಿ ಮಲಗಿ, ನಿದ್ದೆಗಿಂತ ದೊಡ್ಡದಲ್ಲ ನನ್ನ ಕತೆ.

ನೂಲಿನ ಗಿರಣಿ ಇದ್ದ ಊರು. ಅಲ್ಲಿ ಹಾಲವ್ವ ಅಂತ ಒಬ್ಬಳು, ಅವಳಿಗೆ ಕೊಟ್ರ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲಿನ ಕೆಳಗೆ. ಹನ್ನೊಂದು ವರ್ಷ ರಾತ್ರಿ ಪಾಳಿ ಮಾಡಿ ಮಾಡಿ ಹಾಲವ್ವನಿಗೆ ಎದೆನೋವು ಹತ್ತಿತು. ಡಾಕ್ಟರು ಅಂದರು: "ಬೆಳಗಿನ ಜಾವದ ಚಾ ಬಿಡು. ದಿನಾ ಪಾಳಿ ಮುಗಿಸಿ ಮುಂಜಾನಿ ಎಂಟಕ್ಕ ಮಲಗು, ಕೋಣಿ ರಾತ್ರಿ ಹಂಗ ಇರಲಿ. ಹಗಲು ಪಾಳಿ ಸಿಕ್ರ ಬದುಕ್ತಿ ನೋಡು."

ಹಾಲವ್ವ ಮಗನ ಕಡೆ ತಿರುಗಿದಳು: "ಕೇಳಿದೇನೋ ಕೊಟ್ರಾ? ಕೋಣಿ ರಾತ್ರಿ ಮಾಡು!"

ಕೊಟ್ರ ಕಿಟಕಿಗೆ ಕಂಬಳಿ ಕಟ್ಟಿದ. ರಾತ್ರಿಯಾಯಿತು. ರಾತ್ರಿಯಾದ ಮೇಲೆ ದೀಪ ಹಚ್ಚಬೇಡವೇ? ಹಚ್ಚಿ ತಾಯಿಯ ತಲೆಯ ಹತ್ತಿರವೇ ಇಟ್ಟ.

"ಅಯ್ಯೋ ಖೋಡಿ! ಆರಿಸು! ಎಂಟಕ್ಕ ಮಲಗು ಅಂತ ನೆನಪು ಮಾಡು, ಅಷ್ಟ ಸಾಕು!"

ಮರುದಿನ ಗಿರಣಿ ಬೇಗ ಬಿಟ್ಟಿತು. ಹಾಲವ್ವ ಏಳಕ್ಕೇ ಬಂದು ಬಿದ್ದುಕೊಂಡಳು. ಎಷ್ಟೋ ದಿನಕ್ಕೆ ಬಂದ ನಿದ್ದೆ. ಎಂಟು ಹೊಡೆಯಿತು. ಕೊಟ್ರ ಭುಜ ಹಿಡಿದು ಅಲುಗಾಡಿಸಿದ.

"ಅವ್ವಾ, ಏಳು, ಏಳು! ಎಂಟಾತು, ಮಲಗು!"

ನಗ್ತೀರಾ? ನಾನೂ ಇಲ್ಲಿಯವರೆಗೆ ನಗುತ್ತಿದ್ದೆ. ಹಾಲವ್ವ ಎದ್ದು ಕೂತು ಅತ್ತಳು. "ಇನ್ನ ಯಾರರ ಬರಲಿ, ಆಕಾಶನ ಬೀಳಲಿ, ನನ್ನ ಎಬ್ಬಿಸಬ್ಯಾಡ!"

ನಾಲ್ಕನೇ ದಿನ ಗಿರಣಿಯ ಮೇಸ್ತ್ರಿ ಬಂದ. "ಹಗಲು ಪಾಳಿಯೊಳಗ ಒಂದು ಜಾಗ ಖಾಲಿ ಆಗೇತಿ. ನಿಮ್ಮವ್ವ ಈಗ ಬಂದು ಸಹಿ ಮಾಡಲಿ. ಇಲ್ಲಾಂದ್ರ ಬ್ಯಾರೇದವರಿಗೆ ಹೋಕ್ಕೇತಿ."

"ಮಲಗ್ಯಾಳ್ರೀ. ಆಕಾಶ ಬಿದ್ರೂ ಎಬ್ಬಿಸಂಗಿಲ್ಲ!"

ಮೇಸ್ತ್ರಿ ಹೋದ. ಜಾಗವೂ ಹೋಯಿತು.

ಸಂಜೆ ಸುದ್ದಿ ಕೇಳಿ ಹಾಲವ್ವ ಬೈಯಲಿಲ್ಲ. ಬೈಯುವಷ್ಟು ಉಸಿರಿರಲಿಲ್ಲ. "ಮೇಸ್ತ್ರಿ ಬಂದ್ರ ಎಬ್ಬಿಸಪಾ. ಎಂಥಾ ನಿದ್ದಿಯೊಳಗಿದ್ರೂ ಬಿಡಬ್ಯಾಡ, ಏಳೂತನಾ ಎಬ್ಬಿಸು," ಅಂದು ರಾತ್ರಿ ಪಾಳಿಗೆ ನಡೆದಳು.

ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಬಂದು ಮಲಗಿದವಳು ಮತ್ತೆ ಏಳಲಿಲ್ಲ. ಓಣಿಯ ಹೆಂಗಸರು ಮೈತೊಳೆದು, ಹೊಸ ಸೀರೆ ಉಡಿಸಿ, ವಿಭೂತಿ ಹಚ್ಚಿ, ಅವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡಿಸಿದರು. ಮಧ್ಯಾಹ್ನ ಮೇಸ್ತ್ರಿ ಹೂವಿನ ಹಾರ ಹಿಡಿದು ಬಂದ.

ಕಂಡದ್ದೇ ತಡ, ಕೊಟ್ರ ಜನರನ್ನು ತಳ್ಳಿಕೊಂಡು ನುಗ್ಗಿ ತಾಯಿಯ ಭುಜ ಹಿಡಿದ. "ಅವ್ವಾ, ಏಳು, ಏಳು! ಮೇಸ್ತ್ರಿ ಬಂದಾರ!"

ಅವಳ ಕತ್ತು ವಾಲಿತು. ಇನ್ನೂ ಜೋರಾಗಿ ಅಲುಗಾಡಿಸಿದ. ನಾಲ್ಕು ಜನ ಹಿಡಿದು ಎಳೆದರೂ ಬಿಡದೆ ಮೇಸ್ತ್ರಿಯ ಕಡೆ ತಿರುಗಿ ಗೋಗರೆದ:

"ಒಂದೀಟು ನಿಲ್ರೀ ಯಪ್ಪಾ, ಬ್ಯಾರೇದವರಿಗೆ ಕೊಡಬ್ಯಾಡ್ರಿ. ಈಗ ಏಳ್ತಾಳ!"