ಮೂವರನ್ನು ಹತ್ತಿಸದ ಹರಿಗೋಲು

"ಗುರುಗಳೇ, ಮೂವರು ಕೂಡಿ ಹೊರಟರೆ ಕೆಲಸ ಕೆಡುತ್ತದೆ ಅನ್ನುತ್ತಾರೆ. ಪಾಪ, ಮೂರು ಯಾರಿಗೆ ಏನು ಕೇಡು ಮಾಡಿತ್ತು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಹೊಳೆಯಲ್ಲಿ ಒಬ್ಬ ಅಂಬಿಗನಿದ್ದ. ಮಹಾ ಬಡಾಯಿಗಾರ. ತಾನು ಹುಟ್ಟು ಹಾಕಿದರೆ ಮೊಸಳೆಗಳು ಸಾಲಾಗಿ ನಿಂತು ದಾರಿ ಬಿಡುತ್ತವೆ ಅನ್ನುವವನು. ಸುಳಿಗೆ ಸಿಕ್ಕ ಆನೆಯನ್ನು ಬಾಲ ಹಿಡಿದು ದಡಕ್ಕೆ ಎಳೆದಿದ್ದೇನೆ ಅನ್ನುವವನು. ಕೇಳಿದವರು ನಗುತ್ತಿದ್ದರು.

ಒಂದು ಬೇಸಗೆಯಲ್ಲಿ ಅವನ ಹರಿಗೋಲಿನ ತೊಗಲು ಹಳತಾಯಿತು. ಇಬ್ಬರು ಕೂತರೆ ತೇಲುತ್ತಿತ್ತು, ಮೂರನೆಯವನು ಕಾಲಿಟ್ಟರೆ ತಳದಲ್ಲಿ ನೀರು ಜಿನುಗುತ್ತಿತ್ತು. ಅಷ್ಟು ಬಡಾಯಿ ಕೊಚ್ಚಿದವನು ನನ್ನ ಹರಿಗೋಲು ಸೋರುತ್ತದೆ ಅಂತ ಹೇಗೆ ಹೇಳಿಯಾನು? ಒಂದು ದಿನ ಮೂವರು ಬಂದು ನಿಂತಾಗ ಹೇಳಿದ: "ಮೂವರು ಬೇಡ. ಮೂವರನ್ನು ಕಂಡರೆ ಹೊಳೆಗೆ ಆಗುವುದಿಲ್ಲ. ಒಬ್ಬರನ್ನು ಇಟ್ಟುಕೊಂಡುಬಿಡುತ್ತದೆ."

"ಇಬ್ಬರು ಹತ್ತಿದರೂ ನಿನ್ನ ಸೇರಿಸಿ ಮೂವರೇ ಆಯಿತಲ್ಲ, ಮಾರಾಯ?"

"ಅಂಬಿಗ ಲೆಕ್ಕಕ್ಕಿಲ್ಲ. ಅವನು ಹರಿಗೋಲಿನ ಸಾಮಾನು."

ಅವರು ನಕ್ಕರು. ಆದರೂ ಒಬ್ಬ ಹಿಂದೆ ಉಳಿದ.

ಮಳೆಗಾಲಕ್ಕೆ ಮೊದಲೇ ಹೊಸ ತೊಗಲು ಹೊದಿಸಿದ್ದಾಯಿತು. ಹರಿಗೋಲಿನಲ್ಲಿ ಈಗ ಎಂಟು ಜನ ಕೂರಬಹುದು. ಜನ ನಾಲ್ವರು ಬಂದರು, ಐವರು ಬಂದರು. ಮೂವರು ಮಾತ್ರ ಬರಲಿಲ್ಲ. ಅಂಬಿಗ ತಿದ್ದಲಿಲ್ಲ. ನನ್ನ ಮಾತಿಗೂ ಇಷ್ಟು ಬೆಲೆಯಿದೆಯಲ್ಲ ಎಂದು ಒಳಗೊಳಗೇ ಹಿಗ್ಗಿದ. ವರ್ಷಗಳು ಹೋದವು. ಹೊಳೆ ಕಾಣದ ಊರಿನವರೂ ಹೆಣ್ಣು ನೋಡಲು ಮೂವರು ಹೊರಡುವುದನ್ನು ಬಿಟ್ಟರು.

ಅಂಬಿಗನ ಮಗಳನ್ನು ಅದೇ ಹೊಳೆಯ ನಡುಗಡ್ಡೆಯಲ್ಲಿ ಕಲ್ಲಂಗಡಿ ಬೆಳೆಯುವವನಿಗೆ ಕೊಟ್ಟಿದ್ದರು. ಒಮ್ಮೆ ಮೇಲಿನ ಕಾಡಿನಲ್ಲಿ ಅಕಾಲದ ಮಳೆ ಸುರಿದು ಹೊಳೆ ಏರಿತು. ಅಂಬಿಗ ಹರಿಗೋಲು ತಂದಾಗ ನೀರು ಗುಡಿಸಲಿನ ಹೊಸ್ತಿಲು ದಾಟಿತ್ತು. ಗಂಡ, ಹೆಂಡತಿ, ಅವಳ ಕಂಕುಳಲ್ಲಿ ಕೂಸು. ಮೂವರು.

ಅಳಿಯ ಹೆಂಡತಿಯನ್ನೂ ಕೂಸನ್ನೂ ಹತ್ತಿಸಿ ತಾನು ಹಿಂದೆ ಸರಿದ.

"ನೀವೂ ಹತ್ತಿ, ಅಳಿಯಂದಿರೇ. ಆ ಮಾತು ನಾನೇ ಕಟ್ಟಿದ್ದು. ಅವತ್ತು ತೊಗಲು ಸೋರುತ್ತಿತ್ತು, ಅಷ್ಟೇ."

"ಮಾವ, ನೀವು ಹೇಳಿದ್ದರಲ್ಲಿ ನಾನು ನಂಬಿದ್ದು ಅದೊಂದನ್ನೇ," ಎಂದು ಅಳಿಯ ನಕ್ಕ. "ನನ್ನನ್ನು ಹತ್ತಿಸುವುದಕ್ಕೆ ಅದನ್ನೂ ಸುಳ್ಳು ಮಾಡಬೇಡಿ. ಕೂಸಿದೆ. ಇವರನ್ನು ಬಿಟ್ಟು ಬನ್ನಿ."

ಹಾಗೆಂದು ಹರಿಗೋಲನ್ನು ತಾನೇ ನೂಕಿದ.

ಅಂಬಿಗ ತಿರುಗಿ ಬಂದಾಗ ನಡುಗಡ್ಡೆ ಇದ್ದ ಕಡೆ ಬರೀ ನೀರು.

ಮಗಳು ಅತ್ತು ಅತ್ತು ಸುಮ್ಮನಾದ ಮೇಲೆ ಹೇಳಿದಳು: "ಅಪ್ಪಾ, ನಿನ್ನ ಮಾತು ಕೇಳಿ ಅವರೂ ಹತ್ತಿದ್ದರೆ ಕೂಸು ಉಳಿಯುತ್ತಿರಲಿಲ್ಲ. ಕೂಸಿಗಾಗಿ ಅವರು ಉಳಿದುಕೊಂಡರು."

ಅಂಬಿಗ ಬಾಯಿ ತೆರೆದ. ಮೊಮ್ಮಗನ ಮುಖ ನೋಡಿದ. "ಹೌದು ತಾಯಿ," ಎಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಆಗಲಾದರೂ ನಿಜವನ್ನು ಗಟ್ಟಿಯಾಗಿ ಹೇಳಬಾರದಿತ್ತೇ? ಸುಳ್ಳು ಅಲ್ಲಿಗೇ ಸಾಯುತ್ತಿತ್ತು."

ಗುರುಗಳು ಕೇಳಿದರು: "'ನಿನ್ನ ಗಂಡ ಸುಮ್ಮಸುಮ್ಮನೆ ಸತ್ತ' ಅಂತ ಅವಳಿಗೆ ಹೇಳಿಬರಲು ನೀನು ಹೋಗುತ್ತೀಯಾ, ಮಗು?"