ಜಂಬೀರತ್ವಚಾದಿ ಚೂರ್ಣ

"ಗುರುಗಳೇ, ತಿಳಿಯುವಂತೆ ಹೇಳಿದರೆ ಜನ 'ಇಷ್ಟೇನಾ' ಎಂದು ಎದ್ದು ಹೋಗುತ್ತಾರೆ. ತಿಳಿಯದಂತೆ ಹೇಳಿದರೆ ಕೈ ಮುಗಿಯುತ್ತಾರೆ. ಅವರಿಗೆ ಶ್ರದ್ಧೆ ಬರಲಿ ಎಂದೇ ಸ್ವಲ್ಪ ಕಠಿಣವಾಗಿ ಹೇಳಿದರೆ ತಪ್ಪೇನು?"

ಹೀಗೆ ಕೇಳಿದವನು ಚನ್ನವೀರ. ಮಠದ ಶಿಷ್ಯರಲ್ಲಿ ಮಾತಿನ ಮಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಪ್ರವಚನ ಮುಗಿಸಿ ಆಗತಾನೆ ಬಂದಿದ್ದ. ಅಲ್ಲೊಬ್ಬ ಹೆಂಗಸು ತನಗೇನೂ ತಿಳಿಯಲಿಲ್ಲ ಎಂದಾಗ, ಕಿವಿಗೆ ಬಿದ್ದದ್ದೇ ಪುಣ್ಯ ಹೋಗು ಎಂದು ಕಳಿಸಿದ್ದ. ಆ ಸುದ್ದಿ ಗುರುಗಳಿಗೆ ಮೊದಲೇ ಮುಟ್ಟಿತ್ತು. ಅವರು ಬೈಯಲಿಲ್ಲ. ಕೂತುಕೋ, ಒಬ್ಬ ಪಂಡಿತನ ಕತೆ ಹೇಳುತ್ತೇನೆ ಎಂದರು.

ಒಂದು ಊರಿನಲ್ಲಿ ಒಬ್ಬ ನಾಟಿ ಪಂಡಿತನಿದ್ದ. ಕೈಗುಣ ಒಳ್ಳೆಯದು. ಅವನ ತಾಯಿ ಅವನಿಗೆ ಒಂದು ಮದ್ದು ಕಲಿಸಿ ಹೋಗಿದ್ದಳು. ನಿಂಬೆಯ ಸಿಪ್ಪೆಯನ್ನು ನೆರಳಲ್ಲಿ ಒಣಗಿಸಬೇಕು. ಉಪ್ಪು, ಜೀರಿಗೆ ಸೇರಿಸಿ ಕುಟ್ಟಬೇಕು. ಬಸುರಿಯ ನಾಲಿಗೆಗೆ ಒಂದು ಚಿಟಿಕೆ ಹಚ್ಚಿದರೆ ವಾಕರಿಕೆ ನಿಲ್ಲುತ್ತದೆ. ಅವಳು ಅದನ್ನು ಸಿಪ್ಪೆಪುಡಿ ಎನ್ನುತ್ತಿದ್ದಳು, ಅಷ್ಟೇ.

ಮೊದಮೊದಲು ಪಂಡಿತನೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ಒಂದು ದಿನ ಒಬ್ಬ ಸಾಹುಕಾರ ಹತ್ತು ಜನರ ಎದುರಿಗೆ ನಕ್ಕುಬಿಟ್ಟ. "ಸಿಪ್ಪೆ ತಿನ್ನು ಎನ್ನುವುದಕ್ಕೆ ಪಂಡಿತರು ಯಾಕೆ ಬೇಕು? ನಮ್ಮ ಎಮ್ಮೆಯೂ ಹೇಳುತ್ತದೆ" ಎಂದ. ಕೂತವರೆಲ್ಲ ನಕ್ಕರು. ಪಂಡಿತನ ಮುಖ ಸಣ್ಣದಾಯಿತು. ಆ ಮದ್ದಿನಿಂದ ಚೇತರಿಸಿಕೊಂಡವರು ಎಷ್ಟೋ ಮಂದಿ, ಅವರು ಯಾರೂ ಅವನಿಗೆ ನೆನಪಾಗಲಿಲ್ಲ. ಆ ನಗು ಮಾತ್ರ ತಲೆಯಲ್ಲಿ ಉಳಿಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾದರೆ ಗಿಡವನ್ನು ಹಿತ್ತಲಿನಿಂದ ಆಚೆ ಸಾಗಿಸಿದರಾಯಿತು ಎಂದುಕೊಂಡ.

ಅಂದಿನಿಂದ ಬಾಗಿಲು ಹಾಕಿಕೊಂಡು ಕುಟ್ಟತೊಡಗಿದ. ಜಂಬೀರತ್ವಚಾದಿ ಚೂರ್ಣ ಎಂದು ಹೆಸರಿಟ್ಟ. ಜಂಬೀರ ಎಂದರೆ ನಿಂಬೆ, ತ್ವಚೆ ಎಂದರೆ ಸಿಪ್ಪೆ. ಉಪ್ಪು, ಜೀರಿಗೆ, ಪಾಪ, 'ಆದಿ'ಯೊಳಗೆ ಅಡಗಿ ಕೂತವು. ಸುಳ್ಳನ್ನೇನೂ ಹೇಳಲಿಲ್ಲ, ನೋಡು. ಮೂಗಿಗೆ ಗುರುತು ಸಿಗದಿರಲಿ ಎಂದು ಮೇಲೊಂದಿಷ್ಟು ಏಲಕ್ಕಿ ಹಾಕಿದ. ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗೆ ದುರ್ಲಭ ಎಂದು ಹೇಳಿ ಆಕಾಶ ನೋಡಿದ. ನಕ್ಕಿದ್ದ ಸಾಹುಕಾರನೇ ಬಂದು ಕೈ ಮುಗಿದು ಒಯ್ದ. ಪಂಡಿತನಿಗೆ ಹೋದ ಮಾನ ತಿರುಗಿ ಬಂದ ಹಾಗಾಯಿತು.

ಹೀಗಿರುವಾಗ ಹೊಳೆಯಾಚೆಯ ಹಳ್ಳಿಯಿಂದ ಒಬ್ಬ ಮುದುಕಿ ಬಂದಳು. ಅವಳ ಸೊಸೆ ನೀಲವ್ವ ಚೊಚ್ಚಲ ಬಸುರಿ. ಸಾರು ಕುದಿಯುವ ವಾಸನೆಗೇ ಓಕರಿಸುತ್ತಿದ್ದಳು. ಗಂಜಿ ಕುಡಿಸಿದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಪಂಡಿತ ಒಂದು ಸಣ್ಣ ಪೊಟ್ಟಣ ಕೊಟ್ಟ. ದುರ್ಲಭ ವಸ್ತು, ಜೋಪಾನ ಎಂದ. ಆ ಪುಡಿ ತಿಂದ ನೀಲವ್ವ ಗಂಜಿ ಉಂಡಳು, ಎದ್ದು ಓಡಾಡಿದಳು. ಪೊಟ್ಟಣ ತೀರುತ್ತ ಬಂತು. ಅಷ್ಟರಲ್ಲಿ ಹೊಳೆ ತುಂಬಿ ಬಂದು ದೋಣಿ ನಿಂತಿತು.

ಹೊಳೆ ಇಳಿದ ಮೇಲೆ ಪಂಡಿತನಿಗೆ ಆ ಹಳ್ಳಿಯಲ್ಲೇ ಯಾರದೋ ಮುರಿದ ಕೈ ಕಟ್ಟುವ ಕೆಲಸ ಬಿತ್ತು. ದಾರಿಯಲ್ಲಿ ಅವನನ್ನು ಕಂಡ ಮುದುಕಿ ದೇವರೇ ಬಂದಂತೆ ಬಂದಿರಿ ಎಂದು ಮನೆಗೆ ಕರೆದುಕೊಂಡು ಹೋದಳು.

ಅಂಗಳಕ್ಕೆ ಕಾಲಿಟ್ಟ ಪಂಡಿತ ಅಲ್ಲೇ ನಿಂತುಬಿಟ್ಟ. ಮೂಲೆಯಲ್ಲಿ ನಿಂಬೆಯ ಗಿಡ. ಜಗಲಿಯ ಮೇಲೆ ಮೊರದ ತುಂಬ ಒಣಗಿದ ನಿಂಬೆ ಸಿಪ್ಪೆ. ಮನೆಯ ಕಸ ನೋಡಿ ಇವರು ಹೇಸಿದರೇನೋ ಎಂದುಕೊಂಡು ಮುದುಕಿಯೇ ನಾಚಿದಳು.

"ಬಡವರ ಮನೆ, ಪಂಡಿತರೇ. ಯಾವುದನ್ನೂ ಬಿಸಾಡುವುದಿಲ್ಲ. ಸಾರಿಗೆ ಘಮ ಬರಲಿ ಎಂದು ಒಂದು ಚೂರು ಹಾಕುತ್ತೇವೆ. ಬಟ್ಟೆಯ ಪೆಟ್ಟಿಗೆಯಲ್ಲಿಟ್ಟರೆ ನುಸಿ ಸೇರುವುದಿಲ್ಲ. ಸಂಜೆ ಕೆಂಡದ ಮೇಲೆ ಹಾಕಿದರೆ ಸೊಳ್ಳೆಯ ಕಾಟ ಕಡಿಮೆ. ಮಿಕ್ಕದ್ದು ಪಾತ್ರೆ ತಿಕ್ಕುವುದಕ್ಕಾಗುತ್ತದೆ." ಹೀಗೆನ್ನುತ್ತ ಅವಳು ಅವನಿಗೆ ನೀರು ಕೊಡಲೆಂದು ಹಿತ್ತಾಳೆಯ ಚೊಂಬು ತೆಗೆದು, ನೆನೆದ ಸಿಪ್ಪೆಯಿಂದ ಫಳಫಳ ತಿಕ್ಕತೊಡಗಿದಳು.

ಹೊಸ್ತಿಲಾಚೆ ಚಾಪೆಯ ಮೇಲೆ ನೀಲವ್ವ ಮಲಗಿದ್ದಳು. ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು. ಬಂದವರು ಯಾರೆಂದು ನೋಡುವ ತ್ರಾಣವೂ ಅವಳಿಗಿರಲಿಲ್ಲ. ತಲೆಯ ಬಳಿ ಒಂದು ಬಟ್ಟಲು ನೀರು. ನೀರಿನಲ್ಲಿ ಒಂದು ಕಾಗದದ ಚೂರು ನೆನೆದಿತ್ತು. ಅದೇನು ಎಂದು ಪಂಡಿತ ಕೇಳಿದ.

"ನಿಮ್ಮ ಚೂರ್ಣ ಕಟ್ಟಿದ್ದ ಕಾಗದ" ಎಂದಳು ಮುದುಕಿ. "ತೀರಿ ಹೋದೀತೆಂದು ಚಿಟಿಕೆಯಲ್ಲಿ ಅರ್ಧ ಮಾಡಿ ಕೊಟ್ಟೆ. ಆಮೇಲೆ ತೀರಾ ಸಂಕಟಪಟ್ಟಾಗ ಮಾತ್ರ ಕೊಟ್ಟೆ. ಈಗ ಕಾಗದ ನೆನೆಸಿ ಆ ನೀರು ಕುಡಿಸುತ್ತಿದ್ದೇನೆ. ಒಂದಿಷ್ಟಾದರೂ ಗುಣ ಅದರಲ್ಲಿ ಉಳಿದಿರಬೇಕಲ್ಲ? ತಪ್ಪು ನನ್ನದೇ. ಹೊಳೆ ಬರುವ ಮೊದಲೇ ನಿಮ್ಮಲ್ಲಿಗೆ ಓಡಿಬರಬೇಕಿತ್ತು."

ಪಂಡಿತನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸಾಹುಕಾರ ನಕ್ಕ ದಿನ ತಾನು ನಾಚಿಕೆಪಟ್ಟೆ ಎಂದು ಇಷ್ಟು ದಿನ ತಿಳಿದಿದ್ದ. ನಾಚಿಕೆ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಅವನ ಚೀಲದಲ್ಲಿ ಇನ್ನೊಂದು ಪೊಟ್ಟಣವಿತ್ತು. ಅದನ್ನು ಕೊಟ್ಟು ಎದ್ದು ಬಂದಿದ್ದರೆ ಮುಗಿದಿತ್ತು. ಮುದುಕಿ ಹರಸಿ ಕಳಿಸುತ್ತಿದ್ದಳು. ಹೆಸರೂ ಉಳಿಯುತ್ತಿತ್ತು. ಕೈ ಚೀಲದವರೆಗೆ ಹೋಯಿತು ಕೂಡ. ಆದರೆ ಈ ಪೊಟ್ಟಣವೂ ತೀರುತ್ತದೆ, ಹೊಳೆ ಮತ್ತೆ ಬರುತ್ತದೆ, ಇವಳು ಮತ್ತೆ ಕಾಗದ ನೆನೆಸುತ್ತಾಳೆ ಎನ್ನುವುದು ಅವನ ಕಣ್ಣಿಗೆ ಕಟ್ಟಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಜಗಲಿಗೆ ಹೋಗಿ ಮೊರದಿಂದ ಒಂದು ಹಿಡಿ ಸಿಪ್ಪೆ ತಂದ. ಉಪ್ಪು, ಜೀರಿಗೆ ಕೇಳಿ ಪಡೆದ. ಬಾಗಿಲು ಹಾಕಲಿಲ್ಲ. ಮುದುಕಿಯ ಎದುರಿಗೇ ಕೂತು ಕುಟ್ಟಿದ. ಅವನ ಮುಖ ಕುಟ್ಟುವ ಕಲ್ಲಿನ ಕಡೆಗೇ ಇತ್ತು. ಘಮ ಎದ್ದು ಮನೆ ತುಂಬಿತು. ಚೊಂಬು ತಿಕ್ಕುತ್ತಿದ್ದ ಮುದುಕಿಯ ಕೈ ನಿಂತಿತು.

"ಇದೇನಾ ಅದು?" ಎಂದಳು.

"ಇದೇ, ತಾಯಿ" ಎಂದ ಪಂಡಿತ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕೈಯಲ್ಲಿದ್ದ ಸಿಪ್ಪೆಯನ್ನು ಒಮ್ಮೆ ನೋಡಿದಳು. ಚಾಪೆಯ ಕಡೆ ಒಮ್ಮೆ ನೋಡಿದಳು. ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ಸೊಸೆಯ ಬಳಿ ಹೋಗಿ ಕೂತಳು. ಪಂಡಿತ ತಲೆ ತಗ್ಗಿಸಿಕೊಂಡು ಅಂಗಳ ದಾಟಿದ. ಬಾಯಾರಿತ್ತು. ನೀರು ಕೇಳುವ ಮುಖ ಅವನಿಗೆ ಇರಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಚನ್ನವೀರನಿಗೆ ಕತೆ ಮುಗಿದಂತೆ ಕಾಣಲಿಲ್ಲ.

"ಆಮೇಲೆ ಏನಾಯಿತು, ಗುರುಗಳೇ? ಸುದ್ದಿ ಊರಿಗೆಲ್ಲ ಹಬ್ಬಿತೇ? ಪಂಡಿತನಿಗೆ ಜನ ಮೊದಲಿನಂತೆ ಮರ್ಯಾದೆ ಕೊಟ್ಟರೇ?"

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು, "ಆ ಹುಡುಗಿ ಉಂಡಳೇ ಎಂದು ನೀನು ಕೇಳಲಿಲ್ಲ, ಚನ್ನವೀರ."